ಎಡಗೈ ಮಾಡಿದ ಸ್ಲೈಡುಗಳು

ನಮ್ಮ ಅತ್ತಿಗೆಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಸುತ್ತಿಬಳಸದೆ ಹೇಳಿಬಿಡುತ್ತೇನೆ: ಮೀನಿನ ಮಿದುಳು ತೆಗೆಯುವುದು. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅತ್ತಿಗೆಗೆ ಇದು ಹಿಡಿಸುವುದಿಲ್ಲ. "ಪ್ರಯೋಗಾಲಯದಲ್ಲಿ ಕೆಲಸ ಅಂದ್ರೆ ಸಾಲದಾ? ಮಿದುಳಿನವರೆಗೂ ಯಾಕೆ ಹೋಗ್ತೀಯ?" ಎಂದು ಮುಖ ಗಂಟಿಕ್ಕಿಕೊಳ್ಳುತ್ತಾರೆ. ಹೋಗದೆ ಏನು ಮಾಡಲಿ? ಅಣ್ಣನನ್ನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರ ಬೆರಳುಗಳಲ್ಲಿ ವಿನಿಗರ್ ವಾಸನೆ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಮೊದಮೊದಲು ನಾನೇ ಚುಡಾಯಿಸುತ್ತಿದ್ದೆ, "ದಿನವಿಡೀ ಬಾಟ್ಲಿಯೊಳಗೆ ಕೂತಿದ್ರಾ ಅತ್ತಿಗೆ?" ಎಂದು. ಈಗ ಆ ವಾಸನೆ ಇಲ್ಲದಿದ್ದರೆ ಅವರು ಮನೆಗೆ ಬಂದ ಹಾಗೇ ಅನಿಸುವುದಿಲ್ಲ.

ಅಣ್ಣ ಬಸ್ ಓಡಿಸುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಕುರ್ಚಿಯ ಹೊದಿಕೆ ಹೊಲಿಯುತ್ತೇನೆ. ಹೊಲಿಗೆಯವರಿಗೆ ಒಂದು ಕೆಟ್ಟ ಚಾಳಿ, ಯಾರನ್ನು ನೋಡಿದರೂ ಮೊದಲು ಕೈ ನೋಡುತ್ತೇವೆ. ಅತ್ತಿಗೆಯ ಕೈ ನೋಡಿದ ದಿನವೇ ನನಗೆ ಹೊಟ್ಟೆಕಿಚ್ಚಾಯಿತು. ಎಳ್ಳಷ್ಟೂ ಅಲುಗಾಡದ ಕೈ. ಸೂಜಿಗೆ ದಾರ ಪೋಣಿಸಲು ನಾನು ಕಣ್ಣು ಕಿರಿದು ಮಾಡಿ, ದಾರದ ತುದಿ ನೆಕ್ಕಿ ಒದ್ದಾಡುತ್ತಿದ್ದರೆ ಅವರು ಪಕ್ಕದಿಂದ ಬಂದು, ಮಾತಾಡುತ್ತಲೇ, ಪೋಣಿಸಿಕೊಟ್ಟು ಹೋಗುತ್ತಾರೆ. ಆ ಕೈಯ ಬಗ್ಗೆ ಅವರಿಗೂ ಹೆಮ್ಮೆ ಇತ್ತು. ಬಾಯಿಬಿಟ್ಟು ಹೇಳುವವರಲ್ಲ, ಆದರೆ ಹೆಮ್ಮೆ ಇರುವವರು ಬಾಯಿ ಬಿಡಬೇಕಾಗಿಯೂ ಇಲ್ಲವಲ್ಲ.

ಪ್ರಯೋಗಾಲಯವನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿನ ಮೈಕ್ರೋಸ್ಕೋಪ್ ಕೋಣೆಗೆ ಕಪ್ಪು ಪರದೆ ಹೊಲಿಯಲು ಅಳತೆ ತೆಗೆಯಲಿಕ್ಕೆ ಹೋದಾಗ. ಉದ್ದನೆಯ ಓಣಿಯಂಥ ಕಾರಿಡಾರು, ಅದರ ಕೊನೆಗೆ ಗಾಜಿನ ತೊಟ್ಟಿಗಳ ಕೋಣೆ, ಗುಂಯ್ ಎನ್ನುವ ಗಾಳಿಪಂಪು. ತೊಟ್ಟಿಗಳಲ್ಲಿ ಕಂದು ಬಣ್ಣದ, ಚಾಕುವಿನ ಅಲಗಿನ ಹಾಗೆ ಚಪ್ಪಟೆಯಾದ ಮೀನುಗಳು. ಇವು ಮೈಯಿಂದ ಸಣ್ಣಗೆ ವಿದ್ಯುತ್ ಹೊರಡಿಸುತ್ತವಂತೆ. ಕೈ ಹಾಕಿದರೆ ಹೊಡೆಯುತ್ತವೆಯೇ ಎಂದು ನಾನು ಹಿಂಜರಿದಾಗ ಅತ್ತಿಗೆ ಅಪರೂಪಕ್ಕೆ ನಕ್ಕರು. ಹೊಡೆಯುವಷ್ಟು ಇಲ್ಲ, ಕತ್ತಲಲ್ಲಿ ದಾರಿ ಕಂಡುಕೊಳ್ಳಲು ಬೇಕಾದಷ್ಟು ಮಾತ್ರ.

ಅವರು ಮಾಡುವುದೇನೆಂದು ಅಂದೇ ನನಗೆ ತಿಳಿಸಿ ಹೇಳಿದರು. ನಮ್ಮ ನಿಮ್ಮ ಮಿದುಳು ದೊಡ್ಡವರಾದ ಮೇಲೆ ಹೊಸ ಜೀವಕೋಶ ಹುಟ್ಟಿಸುವುದರಲ್ಲಿ ಮಹಾ ಜಿಪುಣ. ಮೀನಿನದು ಧಾರಾಳದ ಮಿದುಳು, ವಯಸ್ಸಾದರೂ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಪ್ರತಿ ಕೋಶದೊಳಗೂ ವರ್ಣತಂತು ಎನ್ನುವ ದಾರದ ತುಂಡುಗಳಂಥವು ಇರುತ್ತವೆ. ಒಂದೊಂದು ಜಾತಿಗೆ ಒಂದೊಂದು ಎಣಿಕೆ. ಮನುಷ್ಯರಿಗೆ ನಲವತ್ತಾರು, ಈ ಮೀನಿಗೆ ಹೆಚ್ಚುಕಡಿಮೆ ಅದರ ಅರ್ಧ. ಒಂದು ಕೋಶ ಎರಡಾಗುವ ಹೊತ್ತಿನಲ್ಲಿ ಹಿಡಿದರೆ ಮಾತ್ರ ಅವು ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕಾಗಿ ಮೀನಿಗೆ ಔಷಧ ಕೊಟ್ಟು ಕೋಶಗಳನ್ನು ಅದೇ ಹಂತದಲ್ಲಿ ತಡೆದು ನಿಲ್ಲಿಸಿ, ಮೀನನ್ನು ನಿದ್ದೆಗೆ ಹಾಕಿ, ಮಿದುಳು ತೆಗೆದು, ಕೋಶಗಳನ್ನು ಉಬ್ಬಿಸಿ, ಆ ಹುಳಿ ವಾಸನೆಯ ದ್ರಾವಣದಲ್ಲಿ ನಿಲ್ಲಿಸಿ, ಕೊನೆಗೆ ತಣ್ಣಗಿನ ಒದ್ದೆ ಗಾಜಿನ ಪಟ್ಟಿಯ ಮೇಲೆ, ಅಂದರೆ ಸ್ಲೈಡಿನ ಮೇಲೆ, ಭುಜದೆತ್ತರದಿಂದ ಹನಿ ಬೀಳಿಸಬೇಕು. ಬಿದ್ದ ಪೆಟ್ಟಿಗೆ ಕೋಶ ಒಡೆದು ವರ್ಣತಂತುಗಳು ಹರಡಿಕೊಳ್ಳುತ್ತವೆ. ಬಣ್ಣ ಹಾಕಿ ಎಣಿಸುವುದು.

ಇಡೀ ಕೆಲಸದ ಜೀವ ಇರುವುದು ಆ ಹನಿಯಲ್ಲಿ. ಮೆಲ್ಲಗೆ ಬಿದ್ದರೆ ಕೋಶ ಒಡೆಯುವುದಿಲ್ಲ. ಜೋರಾಗಿ ಬಿದ್ದರೆ ಚೆಲ್ಲಾಪಿಲ್ಲಿಯಾಗಿ ಒಂದೆರಡು ವರ್ಣತಂತು ಎಲ್ಲಿಗೋ ಹಾರಿಹೋಗುತ್ತವೆ. ಹಾಗಾಗಿ ಈ ಕೆಲಸದವರಲ್ಲಿ ಒಂದು ರೂಢಿ: ಎಣಿಕೆ ಕಡಿಮೆ ಬಂದ ಕೋಶ ಕಂಡರೆ ಅದು ಕೈಯ ತಪ್ಪು ಎಂದುಕೊಂಡು ಬಿಟ್ಟು ಮುಂದೆ ಹೋಗುವುದು. ಎಣಿಕೆ ಜಾಸ್ತಿ ಬಂದರೆ ಎರಡು ಕೋಶ ಒಂದರ ಮೇಲೊಂದು ಬಿದ್ದಿವೆ ಎಂದುಕೊಂಡು ಬಿಡುವುದು. ಸರಿಯಾಗಿರುವುದನ್ನು ಹುಡುಕಿ ಎಣಿಸಿ ಅದರ ಫೋಟೊ ತೆಗೆಯುವುದು. ಅಕ್ಕಿ ಆರಿಸಿದ ಹಾಗೆ, ಎಂದಿದ್ದರು ಅತ್ತಿಗೆ. ನನಗೂ ಅದು ಸರಿಯೆನಿಸಿತ್ತು. ಕಲ್ಲನ್ನು ಯಾರು ಬೇಯಿಸುತ್ತಾರೆ?

ಅಂದು ಅಲ್ಲಿ ಇನ್ನೊಬ್ಬ ಹೆಂಗಸಿದ್ದಳು, ನನ್ನದೇ ವಯಸ್ಸು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು ಅತ್ತಿಗೆಯ ಕೈಕೆಳಗೆ ಕಲಿಯುತ್ತಿದ್ದಳು. ಎಲ್ಲ ಕೆಲಸವೂ ಎಡಗೈಯಲ್ಲೇ. ಎಲ್ಲರೂ ಅವಳನ್ನು ಎಡಚಿ ಎನ್ನುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು. ನನ್ನ ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿದವಳೇ ಅವಳು. "ಅಕ್ಕ ನಿಮ್ಮ ಬಗ್ಗೆ ಹೇಳ್ತಾನೇ ಇರ್ತಾರೆ. ನಿಮ್ಮ ನಾಲಿಗೆಗೆ ಹೆದರ್ಕೋಬೇಕು ಅಂತ," ಎಂದಳು. ಅತ್ತಿಗೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ, ಬಾಯಿತುಂಬ ಅಕ್ಕ ಎಂದು. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ನಮ್ಮ ಅತ್ತಿಗೆ, ನನ್ನ ತಟ್ಟೆಯಿಂದ ಒಂದು ತುತ್ತು ಮುಟ್ಟದವರು, ಅವಳ ಡಬ್ಬಿಗೆ ಕೈ ಹಾಕಿದ್ದನ್ನು ನೋಡಿ ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ.

ಆದರೆ ದಿನ ಕಳೆದ ಹಾಗೆ ಊಟಕ್ಕೆ ಕೂತಾಗ ಅತ್ತಿಗೆಯ ಮಾತಿನ ಧಾಟಿ ಬದಲಾಯಿತು.

"ಅವಳಿಗೆ ಆರಿಸೋಕೆ ಬರಲ್ಲ," ಎಂದರು ಒಮ್ಮೆ. "ಕಂಡದ್ದೆಲ್ಲ ಎಣಿಸ್ತಾಳೆ. ಇದರಲ್ಲಿ ಎರಡು ಕಮ್ಮಿ ಅಕ್ಕ, ಅದರಲ್ಲಿ ಮೂರು ಜಾಸ್ತಿ ಅಕ್ಕ. ಬಿಟ್ಟು ಮುಂದೆ ಹೋಗು ಅಂದ್ರೆ, ಹಾಗೆ ಬಿಟ್ರೆ ಮುಕ್ಕಾಲು ಪಾಲು ಬಿಡಬೇಕಾಗುತ್ತೆ ಅಂತಾಳೆ."

"ಬಿಟ್ರೆ ಏನು ಗಂಟು ಹೋಗುತ್ತೆ?" ಎಂದೆ ನಾನು.

"ಅದಲ್ಲ. ಮುಕ್ಕಾಲು ಪಾಲು ಕೆಟ್ಟಿದೆ ಅಂದ್ರೆ ಕೈ ಸರಿ ಇಲ್ಲ ಅಂತ. ಎಡಗೈಯಲ್ಲಿ ಹನಿ ಓರೆಯಾಗಿ ಬೀಳುತ್ತೆ."

ಬಲಗೈಯಲ್ಲಿ ಹಾಕಿಸಿ ನೋಡಿದರಂತೆ, ಇನ್ನೂ ಹಾಳಾಯಿತು. ಪಕ್ಕದಲ್ಲೇ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರಂತೆ, ಅವಳ ಕೈ ನಡುಗತೊಡಗಿತು. ಕೊನೆಗೆ ಅತ್ತಿಗೆ ಸರ್ ಹತ್ತಿರ ಹೋಗಿ ಅವಳಿಂದ ಆಗುವುದಿಲ್ಲ ಎಂದರು. ಸರ್ ಅಂದರೆ ಪ್ರಯೋಗಾಲಯದ ಮುಖ್ಯಸ್ಥರು. ಮೀನು ಎಂದರೆ ಪ್ರಾಣ, ಮನುಷ್ಯರ ಮುಖ ನೆನಪಿರುವುದಿಲ್ಲ. ಅತ್ತಿಗೆಯ ಮಾತೆಂದರೆ ಅವರಿಗೆ ಕಲ್ಲಿನ ಮೇಲಿನ ಗೆರೆ. ಎಡಚಿಯ ಕೆಲಸ ಹೋಯಿತು.

"ನಿನ್ನ ಕೈ ಇಂಥ ಕೆಲಸಕ್ಕೆ ಹುಟ್ಟಿದ್ದಲ್ಲ ಅಂತ ಹೇಳಿ ಕಳಿಸಿದೆ," ಎಂದರು ಅತ್ತಿಗೆ ಅಂದು. ಹೇಳಿ ಇನ್ನಷ್ಟು ಅನ್ನ ಬಡಿಸಿಕೊಂಡರು. ನಾನು ತಲೆಯಾಡಿಸಿದೆ. ಹೊಲಿಗೆಯಲ್ಲೂ ಅಷ್ಟೇ, ಕೈ ಕೂರದವರನ್ನು ಇಟ್ಟುಕೊಂಡರೆ ಬಟ್ಟೆ ಹಾಳು ಎಂದೆ. ಈ ಮಾತು ಆಡಿದವಳು ನಾನೇ, ಅದನ್ನೂ ಇಲ್ಲಿ ಹೇಳಬೇಕಾದದ್ದು ನ್ಯಾಯ.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ಸರ್ ಯಾವುದೋ ವಿಜ್ಞಾನಿಗಳ ಸಭೆಗೆ ಹೋಗಿಬಂದರು. ಅಲ್ಲಿ ಯಾರೋ ಅವರನ್ನು ಕೇಳಿದರಂತೆ, ನೀವು ಬಿಟ್ಟುಬಿಡುವ ಕೋಶಗಳ ಕಥೆ ಏನು ಎಂದು. ಸರ್ ಬಳಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದರೆ ನಿದ್ದೆ ಬಾರದ ಮನುಷ್ಯ. ಬಂದವರೇ, ಹಳೆಯ ಸ್ಲೈಡುಗಳ ಪೆಟ್ಟಿಗೆಗಳನ್ನೆಲ್ಲ ಹೊರಗೆ ತೆಗೆಸಿ, ಒಂದನ್ನೂ ಬಿಡದೆ ಎಣಿಸಬೇಕು ಎಂದರು. ಜೊತೆಗೆ ಅದೇ ಮೀನುಗಳ ಕಿವಿರಿನ, ಅಂದರೆ ಮೀನು ಉಸಿರಾಡುವ ಅಂಗದ, ಸ್ಲೈಡುಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು ಎಂದರು. ಕಿವಿರಿನಲ್ಲೂ ಹೊಸ ಕೋಶಗಳು ಹುಟ್ಟುತ್ತವೆ, ಅವನ್ನೂ ಅದೇ ಕೈ ಅದೇ ರೀತಿ ಹನಿ ಹಾಕಿರುತ್ತದೆ. ಕೈ ಕೆಟ್ಟಿದ್ದರೆ ಎರಡೂ ಕೆಟ್ಟಿರಬೇಕು.

ಎರಡೂ ಕೆಟ್ಟಿರಲಿಲ್ಲ. ಕಿವಿರಿನ ಕೋಶಗಳಲ್ಲಿ ಎಣಿಕೆ ಬಹುಮಟ್ಟಿಗೆ ಸರಿಯಾಗಿತ್ತು. ಮಿದುಳಿನ ಹೊಸ ಕೋಶಗಳಲ್ಲಿ ಮಾತ್ರ ಸರಿಯಿರುವುದಕ್ಕಿಂತ ತಪ್ಪಿರುವುದೇ ಹೆಚ್ಚು. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಅದು ಹನಿ ಹಾಕಿದವರ ತಪ್ಪಲ್ಲ. ಮೀನಿನ ಮಿದುಳೇ ಹಾಗೆ. ಎಣಿಕೆ ತಪ್ಪಿದ ಕೋಶಗಳನ್ನು ತಲೆಯಲ್ಲಿ ಹೊತ್ತುಕೊಂಡೇ ಅವು ಆರಾಮಾಗಿ ಈಜುತ್ತಿದ್ದವು. ಆ ಕೋಶಗಳಲ್ಲಿ ಎಷ್ಟು ಉಳಿಯುತ್ತವೆ, ಎಷ್ಟು ಸಾಯುತ್ತವೆ, ಇದೆಲ್ಲ ಯಾಕೆ ಹೀಗೆ ಎನ್ನುವುದು ಸರ್‌ಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ಅವರಿಗೆ ಹಬ್ಬ. ಎಲ್ಲರಿಗೂ ಚಹಾ ಬಿಸ್ಕತ್ತು ತರಿಸಿ, ಅತ್ತಿಗೆಯ ಕೈಯೇ ಈ ಪ್ರಯೋಗಾಲಯದ ಆಸ್ತಿ ಎಂದು ಎಲ್ಲರೆದುರು ಹೊಗಳಿದರಂತೆ.

ಆ ಸಂಜೆ ಅತ್ತಿಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ನನ್ನ ಮೆಷಿನ್ನಿನ ಪಕ್ಕ ಬಟ್ಟೆಯ ರಾಶಿಯ ಮೇಲೆ ಕೂತರು. ಗಿರಾಕಿಯ ಬಟ್ಟೆ, ಏಳಿ ಎನ್ನಲು ಬಾಯಿ ತೆರೆದವಳು ಅವರ ಮುಖ ನೋಡಿ ಮೆಷಿನ್ ನಿಲ್ಲಿಸಿದೆ. ಎಲ್ಲ ಹೇಳಿದರು. ಹೇಳಿ ಮುಗಿಸಿ, "ಅವಳು ಎಣಿಸಿದ್ದೇ ಸರಿ," ಎಂದರು. "ನಾನು ಅವಳ ಅನ್ನ ಕಿತ್ಕೊಂಡೆ."

"ನಿಮಗೇನು ಗೊತ್ತಿತ್ತು ಅತ್ತಿಗೆ? ರೂಢಿ ಹಾಗಿತ್ತು, ಹಾಗೆ ಮಾಡಿದ್ರಿ."

ಅವರು ಉತ್ತರ ಕೊಡಲಿಲ್ಲ. ಅಣ್ಣ ಬಂದವನು ಏನಾಯಿತು ಎಂದ. ತಲೆನೋವು ಎಂದು ನಾನೇ ಸುಳ್ಳು ಹೇಳಿದೆ.

ಮರುದಿನ ಅತ್ತಿಗೆ ಸರ್ ಮುಂದೆ ನಿಂತು, ಆ ಹೆಂಗಸನ್ನು ಕಳಿಸಿದ್ದು ತಪ್ಪಾಯಿತು, ತನ್ನಿಂದಲೇ ತಪ್ಪಾಯಿತು ಎಂದು ಒಪ್ಪಿಕೊಂಡರು. ಬೈಸಿಕೊಳ್ಳಲು ಸಿದ್ಧರಾಗಿ ಹೋಗಿದ್ದರು ಪಾಪ. ಸರ್ ಬೈಯಲಿಲ್ಲ. "ಯಾರು? ಓ, ಆಕೆಯಾ. ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ಇದುವರೆಗೆ ನಾವೆಲ್ಲ ಬಿಟ್ಟೇ ಎಣಿಸಿದ್ದು. ನನಗೂ ನನ್ನ ಗುರುಗಳು ಹಾಗೇ ಕಲಿಸಿದ್ರು," ಎಂದು ಕೈ ಕೊಡವಿಬಿಟ್ಟರು. ಬೇಕಾದರೆ ಮತ್ತೆ ಕರೆಸಿ, ಈಗ ಎಣಿಸುವವರು ಬೇಕೇ ಬೇಕು ಎಂದೂ ಹೇಳಿದರು. ಅಷ್ಟು ಸುಲಭವಾಗಿ ಬಿಟ್ಟದ್ದಕ್ಕೆ ಬೇರೆಯವರಾಗಿದ್ದರೆ ನಿಟ್ಟುಸಿರು ಬಿಡುತ್ತಿದ್ದರು. ಅತ್ತಿಗೆ ಮನೆಗೆ ಬಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತರು. ನಲ್ಲಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ನನ್ನ ಕಿವಿ ಅಷ್ಟು ಮಂದವಲ್ಲ.

ಆಮೇಲೆ ಅವರು ಎಡಚಿಯನ್ನು ಕಾಣಲು ಹೋಗುವುದನ್ನು ಮುಂದೂಡುತ್ತಲೇ ಬಂದರು. ಇವತ್ತು ಮೀನಿಗೆ ನೀರು ಬದಲಿಸಬೇಕು, ನಾಳೆ ಕಾಲುನೋವು. ಅವಳು ಎಲ್ಲಿದ್ದಾಳೋ, ಎಂದರು. ಎಲ್ಲಿದ್ದಾಳೆಂದು ಅವಳ ಆಸ್ಪತ್ರೆಯ ಹಳೇ ಗೆಳತಿಯರಿಂದ ಪತ್ತೆ ಮಾಡಿದ್ದು ನಾನು. ಬಸ್ ನಿಲ್ದಾಣದ ಹಿಂದಿನ ರಸ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಾಳೆ ಎಂದು ತಿಳಿದುಬಂದಾಗ ಅತ್ತಿಗೆಯ ಕೈಹಿಡಿದು ಎಬ್ಬಿಸಿದೆ. "ನೀವೊಬ್ರೇ ಹೋಗಲ್ಲ. ನಡೀರಿ, ನಾನೂ ಬರ್ತೀನಿ," ಎಂದೆ.

ಲಾಂಡ್ರಿ ಎಂದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ನೇತುಹಾಕಿದ ಕೋಟುಗಳು, ಷರಟುಗಳು, ಮಧ್ಯೆ ಉದ್ದನೆಯ ಮೇಜು, ಉಗಿ ಬಿಡುವ ಇಸ್ತ್ರಿಪೆಟ್ಟಿಗೆ. ಅವಳು ನಮಗೆ ಬೆನ್ನು ಹಾಕಿ ಷರಟಿನ ಕಾಲರು ತಿಕ್ಕುತ್ತಿದ್ದಳು. ನಾನು ನೋಡಿದ್ದು ಅದೇ ನನ್ನ ಹಾಳು ಚಾಳಿಯಂತೆ ಕೈಯನ್ನು. ಬಲಗೈ. ಇಸ್ತ್ರಿಪೆಟ್ಟಿಗೆ ಬಲಗೈಯಲ್ಲಿತ್ತು. ಅದು ಅವಳ ಹಿಡಿತಕ್ಕೆ ಒಗ್ಗಿರಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ಬಟ್ಟೆ ಸರಿಪಡಿಸುತ್ತಿದ್ದ ಎಡಗೈಯ ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಗೆರೆಗಳು, ಹಳೆಯವು ಒಂದೆರಡು, ಹೊಸದು ಒಂದು.

ತಿರುಗಿ ನೋಡಿದಳು. ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಬನ್ನಿ ಮೇಡಂ," ಎಂದಳು ಅತ್ತಿಗೆಗೆ.

ಮೇಡಂ. ಅಕ್ಕ ಅಲ್ಲ.

ಮೇಜಿನ ತುದಿಯಲ್ಲಿ ಅವಳ ಮಗಳು ಕೂತಿದ್ದಳು, ಒಂದನೇ ತರಗತಿಯ ಮಗು, ಶಾಲೆಯ ಪಾಠ ಬರೆಯುತ್ತಿತ್ತು. ಮಾತಿನ ನಡುವೆ ಮಗು ಪೆನ್ಸಿಲನ್ನು ಎಡಗೈಗೆ ಬದಲಿಸಿಕೊಂಡು ಸರಸರ ಬರೆಯತೊಡಗಿತು. ತಾಯಿ ನೋಡದೆಯೇ ಕೈಚಾಚಿ ಅದರ ಬೆರಳ ಮೇಲೆ ಮೆಲ್ಲಗೆ ತಟ್ಟಿದಳು. "ಬಲಗೈ," ಎಂದಳಷ್ಟೇ. ಮಗು ಬದಲಿಸಿಕೊಂಡಿತು. ಅಕ್ಷರಗಳು ಅಂಕುಡೊಂಕಾಗಿ, ದೊಡ್ಡದಾಗಿ ಬಂದವು.

"ಅದಕ್ಕೆ ಯಾಕೆ ಬಲಗೈ?" ಎಂದು ಅತ್ತಿಗೆ ಕೇಳಿದರು.

"ಈಗಲೇ ತಿದ್ದಿದ್ರೆ ಮುಂದೆ ಯಾರ ಹತ್ರಾನೂ ಮಾತು ಕೇಳೋದು ಬೇಡ ಅಲ್ವಾ ಮೇಡಂ. ನಾನಂತೂ ಲೇಟಾಗಿ ಕಲಿತೆ." ಅವಳು ಚುಚ್ಚಿ ಮಾತಾಡಲಿಲ್ಲ. ಹಾಗೆ ಆಡಿದ್ದರೆ ಅತ್ತಿಗೆಗೆ ಒಳ್ಳೆಯದಿತ್ತು. ಪಾಠ ಕಲಿತವಳು ಪಾಠ ಒಪ್ಪಿಸುವಂತೆ ಆಡಿದಳು.

ಅತ್ತಿಗೆ ನಿಂತಲ್ಲೇ ನಿಂತು ಹೇಳಿದರು. ಹಳೇ ಪೆಟ್ಟಿಗೆ ತೆಗೆದದ್ದು, ಬಿಟ್ಟ ಕೋಶಗಳನ್ನೆಲ್ಲ ಎಣಿಸಿದ್ದು, ಕಿವಿರಿನದನ್ನು ಪಕ್ಕದಲ್ಲಿಟ್ಟದ್ದು. ಮಿದುಳಿನ ಕೋಶಗಳಲ್ಲೇ ಎಣಿಕೆ ಹಾಗಿದೆ, ನಿನ್ನ ಕೈಯಲ್ಲಿ ಏನೂ ಐಬಿರಲಿಲ್ಲ, ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದೆ ಎಂದರು. "ನಾನು ನಿನಗೆ ಅನ್ಯಾಯ ಮಾಡಿದೆ. ಸರ್‌ಗೂ ಹೇಳಿದ್ದೀನಿ. ವಾಪಸ್ ಬಾ."

ಅವಳು ಷರಟಿನ ತೋಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನನಗೆ ಅವಳು ಅಳುತ್ತಾಳೆ ಅನಿಸಿತ್ತು, ಅಥವಾ ಉಗಿದು ಕಳಿಸುತ್ತಾಳೆ ಎಂದು. ಅವಳು ಎರಡನ್ನೂ ಮಾಡಲಿಲ್ಲ. ಯೋಚಿಸಿ ಒಂದು ಪ್ರಶ್ನೆ ಕೇಳಿದಳು.

"ಆ ಕಿವಿರಿನ ಸ್ಲೈಡು ಹಾಕಿದ್ದೂ ನಾನೇ ಅಲ್ವಾ ಮೇಡಂ?"

"ಹೌದು. ನೀನೇ."

"ಆವಾಗಲೇ ಹಾಕಿದ್ದು. ನಿಮ್ಮ ಕೈಗೇ ಕೊಟ್ಟಿದ್ದು. ಅವು ಚೆನ್ನಾಗಿದ್ದದ್ದು ಆವಾಗ ನೀವು ನೋಡಿರ್ಲಿಲ್ವಾ?"

ನಾನು ಅತ್ತಿಗೆಯ ಪರ ಬಾಯಿ ಹಾಕಲು ಹೊರಟಿದ್ದೆ. ಇಲ್ಲಮ್ಮ, ಹೇಗೆ ನೋಡಿರ್ತಾರೆ, ಎಷ್ಟೊಂದು ಕೆಲಸ, ಎನ್ನಲು. ಅಷ್ಟರಲ್ಲಿ ಅತ್ತಿಗೆ ಹೇಳಿದರು.

"ನೋಡಿದ್ದೆ."

ಇಸ್ತ್ರಿಪೆಟ್ಟಿಗೆ ಪುಸ್ ಎಂದು ಉಗಿ ಬಿಟ್ಟಿತು. ಮಗು ತಲೆಯೆತ್ತಿ ನೋಡಿ ಮತ್ತೆ ಬರೆಯತೊಡಗಿತು.

"ನೋಡಿದ್ದೆ," ಎಂದರು ಅತ್ತಿಗೆ ಮತ್ತೆ. "ಕಿವಿರಿಂದು ಅಷ್ಟು ಚೆನ್ನಾಗಿ ಹಾಕೋ ಕೈ ಮಿದುಳಿಂದು ಯಾಕೆ ಕೆಡಿಸುತ್ತೆ ಅಂತ ಒಂದು ಗಳಿಗೆ ಅನ್ನಿಸ್ತು. ಅನ್ನಿಸಿದ್ದನ್ನ ಅಲ್ಲೇ ಅದುಮಿಟ್ಟೆ. ನಿನ್ನ ಕೈ ಸರಿ ಅಂದ್ರೆ ಇಷ್ಟು ವರ್ಷ ನಾನು ಎಣಿಸಿದ್ದೆಲ್ಲ ಏನು ಅಂತ ಯಾರಾದ್ರೂ ಕೇಳ್ತಾರೆ. ಅದಕ್ಕೆ ಹೆದರಿದೆ. ನಿನ್ನನ್ನ ಕಳಿಸೋದು ಸುಲಭ ಆಯ್ತು."

ನಿಮಗೇನು ಗೊತ್ತಿತ್ತು ಎಂದು ಅಂದು ನಾನು ಸಮಾಧಾನ ಹೇಳಿದಾಗ ಅತ್ತಿಗೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಯಾಕೆಂದು ಈಗ ತಿಳಿಯಿತು. ಸಿಟ್ಟು ಬಂತು. ಇವರ ಪಕ್ಕ ನಿಂತದ್ದಕ್ಕೆ ನಾಚಿಕೆಯೂ ಆಯಿತು. ಹಾಗೆಂದು ಅವರನ್ನು ಅಲ್ಲಿ ಬಿಟ್ಟು ಹೊರಗೆ ನಡೆಯಲು ಕಾಲು ಬರಲಿಲ್ಲ. ಸುಳ್ಳು ಹೇಳಬಹುದಿತ್ತು ಅತ್ತಿಗೆ. ನಾನಂತೂ ಹೇಳುತ್ತಿದ್ದೆ.

ಅವಳು ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಆಮೇಲೆ, "ರಾತ್ರಿ ಮಲಗಿದಾಗ ಈ ಕೈನ ನೋಡ್ಕೋತಿದ್ದೆ ಮೇಡಂ," ಎಂದಳು. "ಆಸ್ಪತ್ರೆಯಲ್ಲಿ ಇದೇ ಕೈಯಲ್ಲಿ ಎಷ್ಟು ಜನರ ರಕ್ತ ತೆಗೆದಿದ್ದೆ, ಅವರಿಗೆಲ್ಲ ಏನು ಮಾಡ್ಬಿಟ್ನೋ ಅಂತ." ಹೇಳಿ ಪೆಟ್ಟಿಗೆ ಎತ್ತಿಕೊಂಡಳು. "ಕೆಲಸ ಇದೆ. ಹೋಗಿ ಬನ್ನಿ."

ದಾರಿಯಲ್ಲಿ ಅಣ್ಣನ ಬಸ್ಸೇ ಸಿಕ್ಕಿತು. ಕನ್ನಡಿಯಲ್ಲಿ ನಮ್ಮನ್ನು ನೋಡಿ ಅವನು ಹುಬ್ಬೇರಿಸಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಆ ವಾರವೆಲ್ಲ ಅತ್ತಿಗೆಯೊಡನೆ ನನ್ನ ಮಾತು ಉಪ್ಪು ಕೊಡಿ, ಬಾಗಿಲು ಹಾಕಿ ಎನ್ನುವಷ್ಟರಲ್ಲೇ ಮುಗಿಯುತ್ತಿತ್ತು. ಅವರೂ ಸಮಜಾಯಿಷಿ ಕೊಡಲು ಬರಲಿಲ್ಲ. ನಾನು ಮುಖ ಊದಿಸಿಕೊಂಡದ್ದು ತಮಗೆ ಸಲ್ಲಬೇಕಾದದ್ದೇ ಎಂಬಂತೆ ಇದ್ದರು. ಒಂದು ದಿನ ದಾರ ಪೋಣಿಸಲಾಗದೆ ನಾನು ಒದ್ದಾಡುತ್ತಿದ್ದಾಗ ಹಳೇ ರೂಢಿಯಂತೆ ಪಕ್ಕಕ್ಕೆ ಬಂದರು, ಕೈ ಚಾಚಿದವರು ಯಾಕೋ ಹಿಂತೆಗೆದುಕೊಂಡು ಹೊರಟರು. ನಾನೇ ಕರೆದು ಸೂಜಿ ಕೊಟ್ಟೆ. ಅಲ್ಲಿಗೆ ನನ್ನ ಸಿಟ್ಟು ಮುಗಿಯಿತು. ನನ್ನ ಸಿಟ್ಟು ಯಾವ ಲೆಕ್ಕ, ಮುಗಿಯಬೇಕಾದವರದು ಮುಗಿದಿರಲಿಲ್ಲ.

ಅವಳು ಬಂದಳು. ತಕ್ಷಣ ಅಲ್ಲ, ಮಗಳ ಶಾಲೆಗೆ ರಜೆ ಶುರುವಾದ ಮೇಲೆ. ಒಂದು ಬೆಳಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಯಾವಾಗಿಂದ ಬರಲಿ ಎಂದು ಸರ್‌ನ ಕೇಳಿದಳಂತೆ. ಅತ್ತಿಗೆಯನ್ನು ಕೇಳಲಿಲ್ಲ. ಮನೆಯಲ್ಲಿ ಈ ಸುದ್ದಿ ಹೇಳುವಾಗ ಅತ್ತಿಗೆಯ ಮುಖ ಅರಳಿತ್ತು. ಸದ್ಯ, ಒಂದು ಭಾರ ಇಳಿಯಿತು ಎಂದೆ. ಇಳಿಯಿತು ಎಂದು ಅವರು ಅನ್ನಲಿಲ್ಲ.

ಮೊನ್ನೆ ಅತ್ತಿಗೆ ಮನೆಯ ಕೀಲಿಕೈ ಮರೆತು ಹೋಗಿದ್ದರು. ನನಗೂ ಗಿರಾಕಿಯ ಮನೆಗೆ ಹೋಗಬೇಕಿತ್ತು, ಕೊಟ್ಟು ಹೋಗೋಣವೆಂದು ಪ್ರಯೋಗಾಲಯಕ್ಕೆ ಹೋದೆ. ಆ ಉದ್ದನೆಯ ಕಾರಿಡಾರಿನಲ್ಲಿ, ಮುಚ್ಚಿದ ಬಾಗಿಲ ಎದುರು, ಗೋಡೆಗೆ ಒರಗಿ ಅತ್ತಿಗೆ ನಿಂತಿದ್ದರು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. ದಾರಿಯಲ್ಲಿ ಹೋಗಿಬರುವವರು ಏನು ಮೇಡಂ ಎಂದು ಕೇಳಿದರೆ, ಒಳಗೆ ಘಾಟು ಜಾಸ್ತಿ, ಗಾಳಿಗೆ ಬಂದೆ ಎನ್ನುತ್ತಿದ್ದರು. ಆ ಘಾಟಿನಲ್ಲೇ ಅರ್ಧ ಆಯಸ್ಸು ಕಳೆದವರು.

"ಏನು ಅತ್ತಿಗೆ, ಹೊರಗೆ ಹಾಕಿದ್ರಾ?" ಎಂದೆ ತಮಾಷೆಗೆ.

"ಒಳಗೆ ಅವಳು ಹನಿ ಹಾಕ್ತಾ ಇದ್ದಾಳೆ."

"ಹಾಕಲಿ. ಅದಕ್ಕೆ ನೀವ್ಯಾಕೆ ಇಲ್ಲಿ?"

"ನಾನಿದ್ರೆ ಅವಳ ಕೈ ನಡುಗುತ್ತೆ. ಮೊದಲ ದಿನ ಎರಡು ಸ್ಲೈಡು ಹಾಳಾಯ್ತು. ಮೇಡಂ, ಸ್ವಲ್ಪ ಆಚೆ ಇರ್ತೀರಾ ಅಂತ ಕೇಳಿದ್ಲು. ಅವತ್ತಿನಿಂದ ಆಚೆ ಬಂದು ನಿಲ್ತೀನಿ."

ಕೀಲಿಕೈ ಕೊಟ್ಟೆ. ಅವರು ಅದನ್ನು ನೋಡದೆ ಜೇಬಿಗೆ ಹಾಕಿಕೊಂಡರು, ಕಣ್ಣು ಬಾಗಿಲ ಮೇಲೇ ಇತ್ತು. ಒಳಗಿನಿಂದ ಸದ್ದೇ ಇಲ್ಲ. ಹನಿ ಬೀಳುವ ಸದ್ದು ಎಲ್ಲಿ ಕೇಳಿಸೀತು?

ಹೊರಡಬೇಕಾದವಳು ಹೊರಡಲಾರದೆ ಕೇಳಿದೆ, "ಈಗ ಎಡಗೈಯಲ್ಲೇ ಹಾಕ್ತಾಳಾ?"

"ಗೊತ್ತಿಲ್ಲ," ಎಂದರು ಅತ್ತಿಗೆ. "ಸ್ಲೈಡು ಚೆನ್ನಾಗಿ ಬರ್ತಿದೆ. ಯಾವ ಕೈ ಅಂತ ಅದರಲ್ಲಿ ಕಾಣಲ್ಲ."

"ಕೇಳಿ ಮತ್ತೆ."

"ನಾನು ಹೇಗೆ ಕೇಳ್ಲಿ," ಎಂದರು ಅತ್ತಿಗೆ.